ಇಂಗ್ಲೆಂಡಿನ ಹಳೇ ಊರುಗಳಿಗೆ ಗ್ರೂಪ್ ಟೂರ್: ರಾತ್ರಿ ಎಲ್ಲಿ ಉಳಿಸ್ತಾರೆ ಅಂತ ಮೊದಲು ಕೇಳಿ

ಟೂರ್‌ನವರು ಕೊಡುವ ಪಟ್ಟಿಯಲ್ಲಿ ಎಷ್ಟು ಊರುಗಳಿವೆ ಅಂತ ಎಣಿಸಬೇಡಿ. ರಾತ್ರಿ ಯಾವ ಊರಲ್ಲಿ ಉಳಿಸುತ್ತಾರೆ ಅಂತ ಕೇಳಿ. ನಮ್ಮದು ಕ್ಯಾಂಟರ್‌ಬರಿ, ಸಾಲ್ಸ್‌ಬರಿ, ವೆಲ್ಸ್, ಬಾತ್, ಯಾರ್ಕ್, ಡರ್ಹಮ್ ಸುತ್ತಿಸುವ ಕೋಚ್ (ಟೂರಿಸ್ಟ್ ಬಸ್) ಟೂರ್. ಬಹಳಷ್ಟು ರಾತ್ರಿ ಹೈವೇ ಪಕ್ಕದ ಹೋಟೆಲಿನಲ್ಲೇ ಕಳೆಯಿತು. ಊರೊಳಗೆ ಉಳಿದದ್ದು ಯಾರ್ಕ್ ಮತ್ತು ಡರ್ಹಮ್‌ನಲ್ಲಿ ಮಾತ್ರ. ಈಗ ಮನಸ್ಸಿನಲ್ಲಿ ಉಳಿದಿರುವುದೂ ಅವೇ.

ಹಗಲು ಹೊತ್ತು ಎಲ್ಲ ಕೋಚ್‌ಗಳೂ ಒಟ್ಟಿಗೇ ಬಂದು ಜನರನ್ನು ಇಳಿಸುತ್ತವೆ. ಸಂಜೆ ಅವೆಲ್ಲ ಹೊರಟ ಮೇಲೆ, ಸಾಮಾನ್ಯವಾಗಿ ಐದೂವರೆ ಸುಮಾರಿಗೆ, ಕೆಥೆಡ್ರಲ್‌ಗಳಲ್ಲಿ, ಅಂದರೆ ಬಿಷಪ್ಪರ ದೊಡ್ಡ ಚರ್ಚುಗಳಲ್ಲಿ, ಈವನ್‌ಸಾಂಗ್ ಎಂಬ ಹಾಡಿನ ಪ್ರಾರ್ಥನೆ ಇರುತ್ತದೆ. ಯಾರ್ಕ್‌ನ ಕೆಥೆಡ್ರಲ್ ಯಾರ್ಕ್ ಮಿನ್‌ಸ್ಟರ್ ನೋಡಲು ಟಿಕೆಟ್ ಬೇಕು, ಪ್ರಾರ್ಥನೆಗೆ ಬೇಡ. ನೀವು ಯಾವ ಧರ್ಮದವರು ಅಂತ ಯಾರೂ ಕೇಳುವುದಿಲ್ಲ. ಉದ್ದ ನಿಲುವಂಗಿ ತೊಟ್ಟ ಮಕ್ಕಳು, ದೊಡ್ಡವರು ಎದುರುಬದುರು ನಿಂತು ಹಾಡುತ್ತಾರೆ. ಮುಕ್ಕಾಲು ಗಂಟೆ ಅಷ್ಟೆ. ಪಕ್ಕದವರು ಎದ್ದಾಗ ಏಳಿ, ಕೂತಾಗ ಕೂರಿ. ಫೋನ್ ಜೇಬಿನಲ್ಲಿರಲಿ. ಸಮಯವನ್ನು ಆಯಾ ಕೆಥೆಡ್ರಲ್‌ನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ದಿನದಿಂದ ದಿನಕ್ಕೆ ಬದಲಾಗುತ್ತದೆ.

ನಮ್ಮ ಗುಂಪಿನ ಹಿರಿಯರು ಎಲ್ಲ ಕಡೆ ಕೇಳುತ್ತಿದ್ದದ್ದು, "ಚಪ್ಪಲಿ ಎಲ್ಲಿ ಬಿಡಬೇಕು?" ಬಿಡಬೇಕಾಗಿಲ್ಲ. ಆದರೆ ನೆಲದ ಹಾಸುಗಲ್ಲುಗಳಲ್ಲಿ ಎಷ್ಟೋ ಸಮಾಧಿಗಳು. ಕೆತ್ತಿದ ಹೆಸರನ್ನು ತುಳಿಯಲು ಕಾಲೇ ಬರುವುದಿಲ್ಲ. ಅಲ್ಲಿಯವರು ಸಲೀಸಾಗಿ ನಡೆದು ಹೋಗುತ್ತಾರೆ.

ಕ್ಯಾಂಟರ್‌ಬರಿ ಕೆಥೆಡ್ರಲ್‌ಗೆ ಕನಿಷ್ಠ ಎರಡು ಗಂಟೆ ಬೇಕು. ಅಲ್ಲಿಯ ಆರ್ಚ್‌ಬಿಷಪ್ (ಹಿರಿಯ ಧರ್ಮಗುರು) ಥಾಮಸ್ ಬೆಕೆಟ್‌ನನ್ನು 1170ರ ಡಿಸೆಂಬರ್ 29ರಂದು ನಾಲ್ವರು ನೈಟ್‌ಗಳು (ಕುದುರೆ ಯೋಧರು) ಚರ್ಚಿನೊಳಗೇ ಕೊಂದರು. ಆಮೇಲೆ ಅದು ದೊಡ್ಡ ಯಾತ್ರಾಸ್ಥಳವಾಯಿತು. ಚರ್ಚಿನೊಳಗಿದ್ದ ಬೆಕೆಟ್‌ನ ಸಮಾಧಿ ಗುಡಿಯನ್ನು 1538ರಲ್ಲಿ ರಾಜ ಎಂಟನೇ ಹೆನ್ರಿ ಒಡೆಸಿದ. ಈಗ ಆ ಜಾಗದಲ್ಲಿ ಒಂದು ಮೇಣದಬತ್ತಿ ಉರಿಯುತ್ತಿರುತ್ತದೆ. ಅಲ್ಲಿಗೆ ಹತ್ತುವ ಮೆಟ್ಟಿಲುಗಳನ್ನು ನೋಡಿ, ಯಾತ್ರಿಕರು ಹತ್ತಿ ಹತ್ತಿ ಕಲ್ಲು ಹಳ್ಳ ಬಿದ್ದಿದೆ. ಗೈಡ್ ಅವಸರ ಮಾಡಿದರೂ ಅಲ್ಲಿ ಸ್ವಲ್ಪ ನಿಲ್ಲಿ.

ಸಾಲ್ಸ್‌ಬರಿ ಕೆಥೆಡ್ರಲ್‌ನ ಶಿಖರ 123 ಮೀಟರ್, ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರದ್ದು. ಉಳಿದಿರುವ 1215ರ ಮ್ಯಾಗ್ನಾ ಕಾರ್ಟಾದ (ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು) ನಾಲ್ಕು ಪ್ರತಿಗಳಲ್ಲಿ ಒಂದು ಅಲ್ಲಿದೆ. ವೆಲ್ಸ್ ಕೆಥೆಡ್ರಲ್‌ನ ಹಳೇ ಗಡಿಯಾರ ಮಕ್ಕಳಿಗೆ ಇಷ್ಟ. ಕಾಲು ಗಂಟೆಗೊಮ್ಮೆ ಅದರ ಪುಟ್ಟ ಗೊಂಬೆ ಕುದುರೆ ಸವಾರರು ಸುತ್ತುತ್ತಾರೆ, ಪ್ರತಿ ಸಲ ಅದೇ ಬಡಪಾಯಿ ಏಟು ತಿಂದು ಬೀಳುತ್ತಾನೆ. ಬಾತ್ ಚೆಂದವೇ, ಆದರೆ ವಿಪರೀತ ರಶ್.

ಕೋಚ್‌ಗಳು ಹಳೇ ಬೀದಿಗಳೊಳಗೆ ಹೋಗುವುದಿಲ್ಲ. ಇಳಿದು ನಡೆಯಬೇಕು, ಅದೂ ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ. ಡರ್ಹಮ್‌ನಲ್ಲಂತೂ ಒಳ್ಳೆ ಏರು. ಮಂಡಿನೋವಿನವರು ಟೂರ್ ಬುಕ್ ಮಾಡುವಾಗಲೇ ಇದನ್ನು ವಿಚಾರಿಸಿ. ಹೊರಡುವ ಸಮಯಕ್ಕೆ ಐದು ನಿಮಿಷ ತಡವಾದರೂ ಡ್ರೈವರ್ ಸಿಡುಕುತ್ತಾರೆ. ಪಾಪ, ಅವರ ತಪ್ಪಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು ಅನ್ನುವುದು ಕಾನೂನು, ಹಾಗಾಗಿ ಅವರ ಸಮಯದ ಲೆಕ್ಕ ಬಿಗಿ. ಕೊಡೆಗಿಂತ ಟೋಪಿ ಇರುವ ಮಳೆ ಜಾಕೆಟ್ ವಾಸಿ, ಗಾಳಿಗೆ ಕೊಡೆ ನಿಲ್ಲಲ್ಲ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಬೇಸರ ಬರುತ್ತದೆ. ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್ ಅಥವಾ ಚೀಸ್, ಮಾರನೇ ದಿನವೂ ಅದೇ. ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ನಮ್ಮಲ್ಲಿಂದ ಒಳಗೆ ಬಿಡುವುದಿಲ್ಲ. ಇನ್ನೊಂದು, ಯುರೋಪಿನ ಶೆಂಗೆನ್ ವೀಸಾ ಇಲ್ಲಿ ನಡೆಯಲ್ಲ, ಬ್ರಿಟನ್ನಿನದ್ದು ಬೇರೆಯೇ ಮಾಡಿಸಬೇಕು.

ಲಂಡನ್ನಿನಲ್ಲಿ ಅರ್ಧ ದಿನ ಬಿಡುವು ಸಿಕ್ಕರೆ ಶಾಪಿಂಗ್‌ಗೆ ಸುಮ್ನೆ ಕಳೆಯಬೇಡಿ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರ ಲಂಡನ್ ನಿವಾಸ ಲ್ಯಾಂಬೆತ್ ಪ್ಯಾಲೇಸ್ ಕೂಡ ಅಲ್ಲೇ ಹತ್ತಿರ. ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದು ನದಿ ಪಕ್ಕದಲ್ಲೇ ನಡೆದು ಹೋಗಬಹುದು. ಟಿಕೆಟ್ ಏನೂ ಇಲ್ಲ.