ಸೋರುವ ಫಿರಂಗಿ ನೋಡಲು ಪೋರ್ಟ್ಸ್‌ಮತ್‌ಗೆ

ಹಡಗಿನ ಫಿರಂಗಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ನಾಲ್ಕು ಗಾಲಿಯ ಗಾಡಿ ಮೇಲೆ ಕೂತು ಕಿಂಡಿಯಿಂದ ಮೂತಿ ಹೊರಗಿಟ್ಟ ದೊಡ್ಡ ತೋಪು. ನನಗೆ ನೋಡಬೇಕಿದ್ದದ್ದು ಅದಲ್ಲ. ಹಡಗಿನ ಅಂಚಿನ ದಪ್ಪ ಮರಕ್ಕೆ ತೂತು ಕೊರೆದು, ಅದರಲ್ಲಿ ಕಬ್ಬಿಣದ ಕವೆಯೊಂದನ್ನು ಇಳಿಸಿ, ಆ ಕವೆಯ ಮೇಲೆ ಕೂರಿಸುವ ಸಣ್ಣ ಫಿರಂಗಿ. ಹಿಂದಿನ ಬಾಲ ಹಿಡಿದು ಒಬ್ಬನೇ ಮನುಷ್ಯ ಬೇಕಾದ ಕಡೆ ತಿರುಗಿಸಬಹುದು. ಸ್ವಿವೆಲ್ ಗನ್ ಅಂತಾರೆ.

ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್, ಅಂದರೆ ಎರಕದ ಅಚ್ಚು ಮೂಡಿಸುವ ಮಾದರಿಗಳ, ಡ್ರಾಯಿಂಗ್ ಮಾಡುವವನು. ಬಿಡುವಾದಾಗ ಹಳೇ ಯಂತ್ರಗಳ ಸಣ್ಣ ಮಾದರಿ ಮಾಡೋದು ಚಟ. ಈ ಫಿರಂಗಿಯದ್ದೂ ಒಂದು ಮಾಡೋಣ ಅಂತ ಫೋಟೋ ಹುಡುಕಿದರೆ, ಎಲ್ಲರೂ ಪಕ್ಕದಿಂದಲೇ ತೆಗೆದಿದ್ದಾರೆ. ಹಿಂಬದಿ ಹೇಗೆ ಮುಚ್ಚುತ್ತದೆ ಅನ್ನೋದು ಸರಿಯಾಗಿ ಒಂದರಲ್ಲೂ ಕಾಣಲ್ಲ. ಡ್ರಾಯಿಂಗ್ ಮಾಡುವವನಿಗೆ ಬೇಕಾದದ್ದೇ ಅದು.

ಅಣ್ಣನ ಮಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಹತ್ತಿರದ ಬಂದರು ಊರು ಪೋರ್ಟ್ಸ್‌ಮತ್‌ಗೆ ಕರಕೊಂಡು ಹೋಗಪ್ಪಾ ಅಂದೆ. "ಕಾಕಾ, ಕಬ್ಬಿಣಾ ನೋಡಾಕ ಇಷ್ಟ ದೂರ ಬಂದ್ರೇನು? ನಮ್ಮ ಉದ್ಯಮಬಾಗದಾಗ ಬೇಕಾದಷ್ಟ ಬಿದ್ದೈತಲ್ಲ," ಅಂದ. ಆದರೂ ರಜೆ ಹಾಕಿದ. ಲಂಡನ್ನಿನ ಬಗ್ಗೆ ಇಲ್ಲಿ ಏನೂ ಬರೆಯಲ್ಲ. ಸೇತುವೆ ನೋಡಿದೆ, ಗಡಿಯಾರ ನೋಡಿದೆ, ಕಾಲು ನೋವು ಬಂತು.

ಪೋರ್ಟ್ಸ್‌ಮತ್ ಹಾರ್ಬರ್ ಸ್ಟೇಷನ್‌ನಲ್ಲಿ ಇಳಿದರೆ ಹಳೇ ಡಾಕ್‌ಯಾರ್ಡ್‌ನ ಗೇಟು ಪಕ್ಕದಲ್ಲೇ. ಎಲ್ಲರೂ ಮೊದಲು ಓಡೋದು ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್‌ನ ಹಡಗು ವಿಕ್ಟರಿ ಕಡೆಗೆ. ನಾವು ಹೋದಾಗ ಅದು ರಿಪೇರಿಯಲ್ಲಿತ್ತು, ಸುತ್ತ ಅಟ್ಟಣಿಗೆ ಕಟ್ಟಿ ಹೊದಿಕೆ ಹಾಕಿದ್ದರು. ನನಗೇನೂ ಬೇಸರ ಆಗಲಿಲ್ಲ. ಅದರ ಪಕ್ಕದ ಕಪ್ಪು ಬಣ್ಣದ ದುಂಡನೆಯ ಕಟ್ಟಡದಲ್ಲಿ ಮೇರಿ ರೋಸ್ ಇತ್ತು.

ಮೇರಿ ರೋಸ್ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಯುದ್ಧದ ಹಡಗು. 1545ರ ಜುಲೈ 19ರಂದು ಫ್ರೆಂಚರ ಎದುರು ಕಾದಾಡಲು ಹೊರಟು, ರಾಜ ದಡದಿಂದ ನೋಡುತ್ತಿರುವಾಗಲೇ ವಾಲಿ ಮುಳುಗಿತು. 1836ರಲ್ಲಿ ಮೀನುಗಾರರ ಬಲೆ ಏನಕ್ಕೋ ಸಿಕ್ಕಿಕೊಂಡು, ಡೀನ್ ಸಹೋದರರು ಮುಳುಗಿ ನೋಡಿ ಕೆಲವು ಫಿರಂಗಿ ಮೇಲೆತ್ತಿದರು. ಆಮೇಲೆ ಜನ ಮರೆತೇಬಿಟ್ಟರು. 1971ರಲ್ಲಿ ಮತ್ತೆ ಸಿಕ್ಕಿತು, 1982ರ ಅಕ್ಟೋಬರ್ 11ರಂದು ಹಡಗಿನ ಉಳಿದ ಭಾಗವನ್ನೇ ಮೇಲೆತ್ತಿದರು. ಕೆಸರಲ್ಲಿ ಹೂತಿದ್ದ ಬಲಮಗ್ಗುಲು ಮಾತ್ರ ಉಳಿದಿದೆ. ಮ್ಯೂಸಿಯಂ ಕಟ್ಟಿದವರ ಬುದ್ಧಿ ಮೆಚ್ಚಬೇಕು. ಒಂದು ಕಡೆ ಆ ಅರ್ಧ ಹಡಗು. ಎದುರುಗಡೆ, ಇಲ್ಲದ ಅರ್ಧದ ಜಾಗದಲ್ಲಿ, ಹಡಗಿನಲ್ಲಿ ಸಿಕ್ಕ ಸಾಮಾನುಗಳನ್ನು ಅವು ಎಲ್ಲಿದ್ದವೋ ಆ ಅಂತಸ್ತಿನಲ್ಲೇ ಇಟ್ಟಿದ್ದಾರೆ. ನಡುವೆ ನಾವು ನಡೆಯೋದು.

ಒಳಗೆ ತಣ್ಣಗಿದೆ, ಬೆಳಕು ತುಂಬಾ ಮಂಕು. ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಮೊಬೈಲ್ ಫೋಟೋ ನೆಚ್ಚಬೇಡಿ. ಪೆನ್ಸಿಲ್, ನೋಟ್‌ಬುಕ್ ಒಯ್ಯಿರಿ.

ನಾನು ಹುಡುಕಿಕೊಂಡು ಬಂದದ್ದಕ್ಕೆ ಆ ಕಾಲದವರು 'ಬೇಸ್' ಅನ್ನುತ್ತಿದ್ದರು. ಆಂಥನಿ ಆಂಥನಿ ಅನ್ನುವ ಅಧಿಕಾರಿ 1546ರಲ್ಲಿ ರಾಜನಿಗೆ ಒಪ್ಪಿಸಿದ ಹಡಗುಗಳ ಚಿತ್ರಪಟ್ಟಿಯಲ್ಲಿ ಮೇರಿ ರೋಸ್‌ನ ಹೆಸರಿಗೆ 30 ಬೇಸ್ ಇವೆ. ಗಾಜಿನ ಹಿಂದೆ ಒಂದು ಕಂಡಾಗ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ.

ನಳಿಗೆ ಎರಕದ್ದಲ್ಲ, ಕುಲುಮೆ ಕೆಲಸ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ದುಂಡಗೆ ಜೋಡಿಸಿ, ಮೇಲಿಂದ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಇಳಿಸಿದ್ದಾರೆ. ತಣ್ಣಗಾದಾಗ ಬಳೆ ಕುಗ್ಗಿ ಬಿಗಿಯುತ್ತದೆ. ಚಕ್ಕಡಿ ಗಾಲಿಗೆ ಕಮ್ಮಾರ ಕಬ್ಬಿಣದ ಪಟ್ಟಿ ಕೂಡಿಸುವುದು ಇದೇ ಲೆಕ್ಕ. ನಳಿಗೆಯ ಎರಡೂ ಪಕ್ಕ ಗಿಡ್ಡ ದಿಂಡುಗಳು, ಅವು ಕವೆಯಲ್ಲಿ ಕೂರುತ್ತವೆ. ಹೀಗಾಗಿ ಮೇಲೆ ಕೆಳಗೆ ಆಡುತ್ತದೆ, ಕವೆ ತಿರುಗುವುದರಿಂದ ಎಡಕ್ಕೆ ಬಲಕ್ಕೆ ಹೋಗುತ್ತದೆ. ನಳಿಗೆಯ ಹಿಂದೆ ಮೇಲ್ಭಾಗ ತೆರೆದ ದೋಣಿಯಂಥ ಜಾಗ. ಅದರೊಳಗೆ ಕೂರುವುದು ಚೇಂಬರ್: ಹಿಂಬದಿ ಮುಚ್ಚಿದ, ಮೇಲೆ ಹಿಡಿಕೆ ಇರುವ ದಪ್ಪ ಗೋಡೆಯ ಗಿಡ್ಡ ಕೊಳವೆ. ಮದ್ದು ತುಂಬುವುದು ಅದರಲ್ಲಿ. ಚೇಂಬರಿನ ಬಾಯಿ ನಳಿಗೆಯ ಹಿಂದಿನ ಬಾಯಿಗೆ ತಾಗುವಂತೆ ಇಟ್ಟು, ಹಿಂದಿನಿಂದ ಒಂದು ಬೆಣೆ ಬಡಿಯುತ್ತಾರೆ. ಅಷ್ಟೇ. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ.

ಅಂದರೆ 1545ರಲ್ಲೇ ಹಿಂದಿನಿಂದ ತುಂಬುವ ಫಿರಂಗಿ! ಮುಂದಿನಿಂದ ತುಂಬುವುದು ಹಳೇದು, ಹಿಂದಿನಿಂದ ತುಂಬುವುದು ಹೊಸದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಓದಿ ಗೊತ್ತಿತ್ತು. ಎದುರಿಗೆ ನೋಡಿದಾಗ ಬೇರೆ.

ಅಷ್ಟರಲ್ಲಿ ಮ್ಯೂಸಿಯಂನ ಸ್ವಯಂಸೇವಕರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಎಪ್ಪತ್ತು ದಾಟಿದ ಮನುಷ್ಯ, ದಪ್ಪ ಬೆರಳು.

"ಎಲ್ಲರೂ ಮೂತಿ ನೋಡ್ತಾರೆ. ನೀವು ಚೇಂಬರಿಗೂ ನಳಿಗೆಗೂ ನಡುವಿನ ಆ ಸಂದನ್ನೇ ನೋಡ್ತಾ ಕೂತಿದ್ದೀರಲ್ಲ," ಅಂದರು.

"ನಾನು ಫೌಂಡ್ರಿಯವನು."

"ಏನು ಎರಕ ಹೊಯ್ತೀರಿ?"

"ಪಂಪ್ ಬಾಡಿ, ವಾಲ್ವ್ ಬಾಡಿ."

"ಹಾಗಾದರೆ ಸೋರಿಕೆ ಅಂದರೆ ಏನಂತ ನಿಮಗೆ ಹೇಳಬೇಕಿಲ್ಲ," ಅಂತ ನಕ್ಕರು. ಅವರು ಇದೇ ಡಾಕ್‌ಯಾರ್ಡ್‌ನಲ್ಲಿ ಫಿಟ್ಟರ್ ಆಗಿದ್ದವರಂತೆ.

ನಮ್ಮಲ್ಲಿ ವಾಲ್ವ್ ಬಾಡಿಗೆ ನೀರಿನ ಪ್ರೆಶರ್ ಕೊಟ್ಟು ಟೆಸ್ಟ್ ಮಾಡ್ತಾರೆ, ಒಂದು ಹನಿ ಜಿನುಗಿದರೂ ರಿಜೆಕ್ಟ್, ಇದರಲ್ಲಿ ಮದ್ದು ಸಿಡಿದರೆ ಆ ಸಂದಿನಿಂದ ಬೆಂಕಿ ಬರೋದಿಲ್ವಾ ಅಂತ ಕೇಳಿದೆ.

"ಬರುತ್ತೆ. ಬರುತ್ತೆ ಅಂತ ಗೊತ್ತಿದ್ದೇ ಮಾಡಿದ್ದು. ಸೋರಿಕೆ ಡ್ರಾಯಿಂಗ್‌ನಲ್ಲೇ ಇತ್ತು ಅಂದುಕೊಳ್ಳಿ." ಆಮೇಲೆ ಎರಡೂ ಕೈ ಮುಷ್ಟಿ ಮಾಡಿ, ಒಂದಕ್ಕೊಂದು ಒತ್ತಿ ತೋರಿಸಿದರು. "ಇದು ದೂರದ ಹಡಗಿಗೆ ತೂತು ಮಾಡೋ ಫಿರಂಗಿ ಅಲ್ಲ. ಗೋಡೆ ಹತ್ತಿ ಒಳಗೆ ಬರೋ ಮನುಷ್ಯರಿಗೆ. ಹತ್ತಿರದ ಹೊಡೆತ. ಅರ್ಧ ಜೋರು ಸೋರಿ ಹೋದರೂ ಉಳಿದದ್ದು ಸಾಕು."

"ಮತ್ತೆ ಮುಂದಿನಿಂದ ತುಂಬಿದರೆ ಏನು ಕಷ್ಟ?"

"ಮೂತಿ ಎಲ್ಲಿದೆ? ಹಡಗಿನ ಹೊರಗೆ. ತುಂಬೋಕೆ ಹೊರಗೆ ಬಗ್ಗಬೇಕು. ಬಗ್ಗಿದವನ ಮೇಲೆ ಬಾಣ ಬೀಳುತ್ತೆ. ಇದರಲ್ಲಾದರೆ ಗೋಡೆಯ ಮರೆಯಲ್ಲೇ ಕೆಲಸ. ಮೊದಲೇ ತುಂಬಿಟ್ಟ ಚೇಂಬರ್ ಪಕ್ಕದಲ್ಲಿ ಇರುತ್ತೆ. ಹಳೇದು ಎತ್ತು, ಗುಂಡು ಹಾಕು, ಹೊಸದು ಇಡು, ಬೆಣೆ ಬಡಿ."

"ಬೆಣೆ ಸರಿಯಾಗಿ ಕೂರದಿದ್ದರೆ?"

ಅವರು ಮಾತಾಡಲಿಲ್ಲ. ಹೆಬ್ಬೆರಳನ್ನು ತಮ್ಮ ಎದೆಯ ಕಡೆ ತಿರುಗಿಸಿದರು.

ಗಾಡಿ ಇಲ್ಲದ ಫಿರಂಗಿ ಇದು. ದೊಡ್ಡ ಫಿರಂಗಿ ಹಿಂದಕ್ಕೆ ಒದ್ದರೆ ಗಾಡಿ ಉರುಳಿ ಒದೆತ ಸವೆಯುತ್ತದೆ. ಇದರ ಒದೆತವೆಲ್ಲ ಕವೆಯ ಕಾಲಿಗೆ, ಅಲ್ಲಿಂದ ಹಡಗಿನ ಅಂಚಿನ ಮರಕ್ಕೆ. ಮರ ಸೀಳಬಾರದು ಅಂದರೆ ಮದ್ದು ಕಡಿಮೆ ಇರಲೇಬೇಕು. ನಳಿಗೆ ಸಣ್ಣದಾಗಿದ್ದರ ಗುಟ್ಟು ಇದೇ. ಗುಂಡಿನಲ್ಲೂ ಲೆಕ್ಕಾಚಾರ ಇದೆ: ಒಳಗೆ ಕಬ್ಬಿಣದ ಚೌಕ ತುಂಡು, ಸುತ್ತ ಸೀಸ. ಸೀಸ ಮೆತ್ತಗೆ, ನಳಿಗೆಗೆ ಒಗ್ಗುತ್ತದೆ. ಕಬ್ಬಿಣ ಸೀಸಕ್ಕಿಂತ ಅಗ್ಗ.

ಪಕ್ಕದಲ್ಲಿ ಇನ್ನೊಂದು ಇತ್ತು, ಹೇಲ್‌ಶಾಟ್ ಪೀಸ್. ಅದನ್ನು ನೋಡಿ ನನಗೆ ಸುಮ್ನೆ ಖುಷಿಯಾಯಿತು, ಯಾಕಂದರೆ ಅದು ಎರಕದ ಕಬ್ಬಿಣ. ನಳಿಗೆಯ ತೂತು ದುಂಡಗಿಲ್ಲ, ಆಯತ. ಕೆಳಗೆ ಒಂದು ಕೊಕ್ಕೆ. ಅದನ್ನು ಹಡಗಿನ ಅಂಚಿಗೆ ಸಿಕ್ಕಿಸಿ, ಕಬ್ಬಿಣದ ಚೌಕ ತುಂಡುಗಳನ್ನು ಎರಚೋದು. ಆಯತದ ತೂತು ಅಂದರೆ ಕೋರ್ ಪೆಟ್ಟಿಗೆ (ಎರಕದ ಒಳಗೆ ಟೊಳ್ಳು ಬಿಡಿಸುವ ಮರಳಿನ ತಿರುಳಿನ ಅಚ್ಚು) ಮಾಡೋದು ಎಷ್ಟು ಸುಲಭ ಅಂತ ಪ್ಯಾಟರ್ನ್ ಕೆಲಸದವರಿಗೆ ಗೊತ್ತು. ಇಂಗ್ಲೆಂಡಿನಲ್ಲಿ ಫಿರಂಗಿಯನ್ನು ಇಡಿಯಾಗಿ ಕಬ್ಬಿಣದಲ್ಲಿ ಎರಕ ಹೊಯ್ದದ್ದು 1543ರಲ್ಲಿ, ಸಸೆಕ್ಸ್‌ನ ಬಕ್ಸ್‌ಟೆಡ್‌ನಲ್ಲಿ. ಹಡಗು ಮುಳುಗಿದ್ದು ಅದಾದ ಎರಡೇ ವರ್ಷಕ್ಕೆ. ಕಮ್ಮಾರನೂ ಎರಕದವನೂ ಒಂದೇ ಹಡಗಿನಲ್ಲಿ ಎದುರುಬದುರು ಕೂತ ಹಾಗೆ.

ನಮ್ಮ ಕರಾವಳಿಯ ಮಂಗಳೂರು, ಹೊನ್ನಾವರ, ಬಸರೂರುಗಳನ್ನು 1568-69ರಲ್ಲಿ ಹಿಡಿದ ಪೋರ್ಚುಗೀಸರ ಹಡಗುಗಳಲ್ಲೂ ಚೇಂಬರ್ ಹಾಕುವ ಇಂಥವೇ ಇರುತ್ತಿದ್ದವು. ಅವರದು ಹೆಚ್ಚಾಗಿ ಕಂಚಿನ ಎರಕ. ಚೀನದವರು 1520ರ ದಶಕದಲ್ಲಿ ಅವರಿಂದ ಕಿತ್ತುಕೊಂಡು ನಕಲು ಮಾಡಿದರು, ಮಹಾಗೋಡೆಯ ಕಾವಲಿಗೂ ಇಟ್ಟರು.

ಹೊರಡುವ ಮುಂಚೆ ಆ ಹಿರಿಯರು ಇನ್ನೊಂದು ಹೇಳಿದರು. ಶತ್ರುಗಳು ಹತ್ತಿ ಬರದಂತೆ ಮೇಲಿನ ಅಟ್ಟಕ್ಕೆಲ್ಲ ಬಲೆ ಹೊದಿಸಿದ್ದರು. ಬಲೆಯ ಕೆಳಗಿಂದ ಈ ಸಣ್ಣ ಫಿರಂಗಿ. ಭದ್ರವಾದ ಏರ್ಪಾಡು. ಹಡಗು ವಾಲಿದಾಗ ಒಳಗಿದ್ದವರು ಅದೇ ಬಲೆಯ ಕೆಳಗೆ ಸಿಕ್ಕಿಕೊಂಡರು. ಸುಮಾರು 500 ಜನರಲ್ಲಿ ಬದುಕಿದವರು 40 ಕೂಡ ಇಲ್ಲ. ಅಣ್ಣನ ಮಗ ಅಲ್ಲಿಯವರೆಗೆ ಫೋನ್ ನೋಡ್ತಿದ್ದವನು, ಜೇಬಿಗೆ ಹಾಕಿದ.

ಮರುದಿನ ಫೋರ್ಟ್ ನೆಲ್ಸನ್. ಪೋರ್ಟ್ಸ್‌ಡೌನ್ ಗುಡ್ಡದ ಮೇಲೆ 1860ರ ದಶಕದಲ್ಲಿ ಕಟ್ಟಿದ ಕೋಟೆ, ಈಗ ಬ್ರಿಟನ್ನಿನ ರಾಷ್ಟ್ರೀಯ ಆಯುಧ ಮ್ಯೂಸಿಯಂ ರಾಯಲ್ ಆರ್ಮರೀಸ್‌ನವರ ಫಿರಂಗಿ ಸಂಗ್ರಹ ಅಲ್ಲಿದೆ. ಡಾಕ್‌ಯಾರ್ಡ್‌ಗಿಂತ ಇದೇ ನನಗೆ ಜಾಸ್ತಿ ಹಿಡಿಸಿತು. ಗದ್ದಲ ಇಲ್ಲ, ಹತ್ತಿರ ಹೋಗಿ ನೋಡಬಹುದು. ಟರ್ಕಿಯ ದೊಡ್ಡ ಕಂಚಿನ ತೋಪು ಅಲ್ಲಿದೆ, 1464ರಲ್ಲಿ ಮುನೀರ್ ಅಲಿ ಎರಕ ಹೊಯ್ದದ್ದು, ಸುಮಾರು 17 ಟನ್. ಎರಡು ತುಂಡು, ನಡುವೆ ತಿರುಪು. ಅಷ್ಟು ದಪ್ಪದ ತಿರುಪನ್ನು ಆ ಕಾಲದಲ್ಲಿ ಎರಕದಲ್ಲೇ ತೆಗೆದವನ ಕೈಗೆ ದೊಡ್ಡ ನಮಸ್ಕಾರ.

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಸಂದು. 18ನೇ ಶತಮಾನಕ್ಕೆ ಬರುವಷ್ಟರಲ್ಲಿ ಇಂಗ್ಲಿಷರ ಸ್ವಿವೆಲ್ ಗನ್ ಒಂದೇ ತುಂಡಿನ ಎರಕವಾಗಿ, ಮುಂದಿನಿಂದ ತುಂಬುವಂಥದ್ದಾಗಿತ್ತು. ಅರ್ಧ ಪೌಂಡಿನ ಗುಂಡು, ಅಥವಾ ಒಂದು ಹಿಡಿ ಕೋವಿ ಗುಂಡು. ಸಂದೇ ಇಲ್ಲ, ಸೋರಿಕೆಯೂ ಇಲ್ಲ. ತುಂಬಬೇಕಾದರೆ ಮೂತಿಯನ್ನೇ ಒಳಕ್ಕೆ ತಿರುಗಿಸಿದರಾಯ್ತು.

ಆಮೇಲೆ 1859ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್‌ನ ಫಿರಂಗಿ ಬಂತು. ಮತ್ತೆ ಹಿಂದಿನಿಂದ ತುಂಬೋದು! ಮೇಲಿನಿಂದ ಒಂದು ಉಕ್ಕಿನ ತುಂಡು ಇಳಿಸಿ ಹಿಂದಿನಿಂದ ಸ್ಕ್ರೂ ಬಿಗಿಯೋದು. ಬೆಣೆಯ ಜಾಗದಲ್ಲಿ ಸ್ಕ್ರೂ, ಉಳಿದದ್ದು ಅದೇ ಕಥೆ. 1863ರಲ್ಲಿ ಜಪಾನಿನ ಕಾಗೋಶಿಮಾದಲ್ಲಿ ಅದು ಕೈಕೊಟ್ಟಿತು, ಬ್ರಿಟಿಷ್ ನೌಕಾಪಡೆ ಮತ್ತೆ ಮುಂದಿನಿಂದ ತುಂಬುವುದಕ್ಕೇ ಹೋಯಿತು. 1879ರಲ್ಲಿ ಥಂಡರರ್ ಹಡಗಿನಲ್ಲಿ ತುಂಬಿದ ಫಿರಂಗಿಗೇ ಇನ್ನೊಮ್ಮೆ ತುಂಬಿ ಅದು ಒಡೆದು 11 ಜನ ಸತ್ತ ಮೇಲೆ ಪುನಃ ಹಿಂದಿನ ಬಾಗಿಲಿಗೆ. ಆ ಹೊತ್ತಿಗೆ ಡಿ ಬಾಂಜ್ ಅನ್ನುವ ಫ್ರೆಂಚ್ ಅಧಿಕಾರಿ ಕಲ್ನಾರು, ಕೊಬ್ಬು ತುಂಬಿದ ಪ್ಯಾಡ್ ಒಂದನ್ನು ಮಾಡಿದ್ದ. ಮದ್ದು ಸಿಡಿದಾಗ ಅದು ಒತ್ತಿ ಅಗಲವಾಗಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ.

ವಾಪಸ್ ಬರೋಕೆ ಬುಕ್ ಮಾಡಿದ ಟ್ಯಾಕ್ಸಿ ಬರಲಿಲ್ಲ. ಬಂದಿದೆ ಅಂತ ಮೆಸೇಜ್ ಮಾತ್ರ ಬಂತು, ದುಡ್ಡೂ ಕಟ್ಟಾಯಿತು. ಗುಡ್ಡದ ಮೇಲೆ ಗಾಳಿ ಅಂದರೆ ಗಾಳಿ, ಕೊಡೆ ಬಿಚ್ಚುವ ಹಾಗಿಲ್ಲ. ಹೋಗುವವರು ಬರುವಾಗಿನ ವ್ಯವಸ್ಥೆ ಮೊದಲೇ ಗಟ್ಟಿ ಮಾಡಿಕೊಳ್ಳಿ. ಕೊಡೆ ಬೇಡ, ಟೋಪಿ ಇರುವ ಜಾಕೆಟ್ ತಗೊಳ್ಳಿ. ಪೋರ್ಟ್‌ಚೆಸ್ಟರ್ ಸ್ಟೇಷನ್‌ವರೆಗೆ ಇಳಿದುಕೊಂಡೇ ಹೋದೆವು. ದಾರಿಯಲ್ಲಿ ಇಷ್ಟನ್ನೂ ಅವನಿಗೆ ಹೇಳಿದೆ.

"ಅಂದ್ರ ಕಾಕಾ, ಒಂದ ಗ್ಯಾಸ್ಕೆಟ್ ಸಿಗಲಿಲ್ಲಂತ ಮುನ್ನೂರ ವರ್ಷ ಹಿಂದ-ಮುಂದ ಓಡ್ಯಾಡಿದ್ರೇನು?"

"ಹೂಂ, ಹಂಗ ಅಂದ್ರೂ ನಡೀತದ," ಅಂದೆ.

ಬೇಸ್‌ನ ಸ್ಕೆಚ್ ಮೂರು ಕಡೆಯಿಂದ ಹಾಕಿಕೊಂಡಿದ್ದೇನೆ, ಚೇಂಬರ್ ಮತ್ತು ಬೆಣೆಯ ಜಾಗದ್ದು ಬೇರೆ. ಅಳತೆ ಗಾಜಿನ ಆಚೆಯಿಂದ ಕಣ್ಣಂದಾಜಿನದು. ಮಾದರಿ ಮಾಡುವವರು ಕೇಳಿದರೆ ಕಳಿಸುತ್ತೇನೆ.