ದೇವಸ್ಥಾನ ನೆಟ್ಟಗಿರಬೇಕು ಸಾರ್

ಮಂಗಳವಾರ ಸಂಜೆ ಮನೆಯೊಳಗೆ ಕಾಲಿಟ್ಟವನು ಹಾಲಿನ ಗೋಡೆ ನೋಡಿ, ಹೆಗಲ ಬ್ಯಾಗೂ ಇಳಿಸದೆ ನಿಂತುಬಿಟ್ಟೆ. ಫೋಟೋದಲ್ಲಿನ ನನ್ನ ವಿರೂಪಾಕ್ಷ ಗೋಪುರ ನೆಟ್ಟಗೆ ನಿಂತಿತ್ತು.

"ಫ್ರೇಮ್ ಅಂಗಡಿಯೋರು ಹುಕ್ಕು ಉಲ್ಟಾ ಕಡೆ ಹೊಡ್ದಿದ್ರು ಸಾರ್. ಬಿಚ್ಚಿ ಸರಿ ಮಾಡಿದೀನಿ," ಅಂದರು ಆಚಾರ್ರು, ಡ್ರಿಲ್ಲಿನ ವೈರು ಸುತ್ತುತ್ತಾ. ಮುಖದಲ್ಲಿ ಎಂಥ ತೃಪ್ತಿ ಅಂತೀರಿ.

ಹಂಪಿಗೆ ಹೋದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಗುಡಿಯ ಹಿಂಭಾಗದಲ್ಲೊಂದು ಕತ್ತಲೆ ಕೋಣೆ. ಗೋಡೆಯಲ್ಲಿ ಚಿಕ್ಕ ಕಿಂಡಿ. ಅದರ ಮೂಲಕ ರಾಜಗೋಪುರ ತಲೆಕೆಳಗಾಗಿ ಒಳಗೆ ಬೀಳುತ್ತದೆ. ನೆರಳು ಅಂತ ಎಲ್ಲರೂ ಅನ್ನುತ್ತಾರೆ, ಅದು ನಿಜಕ್ಕೂ ಬಿಂಬ. ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಕೆಳಗೆ ಹೋಗುತ್ತದೆ, ಬುಡದ್ದು ಮೇಲಕ್ಕೆ. ಲೆನ್ಸಿಲ್ಲ, ಬ್ಯಾಟರಿ ಇಲ್ಲ. ಒಂಬತ್ತು ಅಂತಸ್ತಿನ, ಹೆಚ್ಚು ಕಡಿಮೆ 50 ಮೀಟರ್ ಎತ್ತರದ ಗೋಪುರ ಅಂಗೈಯಗಲದಲ್ಲಿ ಬಂದು ಕೂರುತ್ತದೆ. ಅಂದು ಅಲ್ಲಿದ್ದ ಹಿರಿಯರೊಬ್ಬರು ನೋಟ್‌ಬುಕ್ಕಿನ ಬಿಳಿ ಹಾಳೆಯೊಂದನ್ನು ಕೆಳಗಿನಿಂದ ಹಿಡಿದುಕೊಂಡು, "ಈಗ ನೋಡ್ರೀ," ಅಂದರು. ಹಾಳೆಯ ಮೇಲೆ ಗೋಪುರ ಮೂಡಿತು. ಟ್ರೈಪಾಡ್ ಒಯ್ಯುವ ಹಾಗಿಲ್ಲ, ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಹಿಡಿದು, ಕತ್ತಲಲ್ಲೂ ಬೆಳಕು ಹಿಡಿಯಲೆಂದು ಕ್ಯಾಮೆರಾದ ಐಎಸ್‌ಒ 3200ಕ್ಕೆ ಏರಿಸಿ ನಾಲ್ಕು ಫೋಟೋ ತೆಗೆದೆ. ಮೂರು ಅಲುಗಿದ್ದವು. ನಾಲ್ಕನೆಯದರಲ್ಲಿ ಗೋಪುರವೂ ಇತ್ತು, ಹಾಳೆಯ ಕೆಳಗೆ ಅವರ ಎರಡು ಬೆರಳೂ ಇದ್ದವು. ಹೆಬ್ಬೆರಳ ಉಗುರಿನಲ್ಲಿ ಕುಂಕುಮ ಉಳಿದಿತ್ತು. ಮೊದಲು ಬೆರಳು ಕತ್ತರಿಸೋಣ ಅಂದುಕೊಂಡಿದ್ದೆ. ಸದ್ಯ, ಮಾಡಲಿಲ್ಲ.

ಪ್ರಿಂಟ್ ಹಾಕಿಸಲು ಹೋದಾಗ ಫ್ರೇಮ್ ಅಂಗಡಿಯವನು ಪೆನ್‌ಡ್ರೈವ್ ತೆಗೆದು ನೋಡಿ, "ಇದಾ ಸಾರ್? ಫೋಕಸ್ಸೇ ಇಲ್ವಲ್ಲ," ಅಂದ. ಕಿಂಡಿಯ ಬಿಂಬ ಎಂದಿದ್ದರೂ ಇಷ್ಟೇ ಮಸುಕು ಅಂತ ಅವನಿಗೆ ಹೇಳಿ ಪ್ರಯೋಜನವಿಲ್ಲ. ಮದುವೆ ಆಲ್ಬಮ್ ಮಾಡಿ ಮಾಡಿ ಕಣ್ಣು ಅದಕ್ಕೇ ಒಗ್ಗಿಹೋಗಿದೆ ಪಾಪ. ಹಿಂದೊಮ್ಮೆ ಇವನೇ ನನ್ನ ಕಲ್ಲಿನ ರಥವನ್ನು 8ಕ್ಕೆ 10 ಇಂಚಿನ ಹಾಳೆಗೆ ಒತ್ತಿ ಅದರ ಒಂದು ಚಕ್ರ ನುಂಗಿದ್ದ. ನನ್ನ ಕ್ಯಾಮೆರಾದ ಚಿತ್ರ 3ಕ್ಕೆ 2ರ ಅಳತೆಯದು, 8ಕ್ಕೆ 12 ಅಥವಾ 12ಕ್ಕೆ 18ಕ್ಕೆ ಸರಿಯಾಗಿ ಕೂರುತ್ತದೆ, 8ಕ್ಕೆ 10 ಅಂದರೆ ಎಲ್ಲಾದರೂ ಕತ್ತರಿ ಬೀಳಲೇಬೇಕು. ಅದಕ್ಕೇ ಈ ಸಲ 12ಕ್ಕೆ 18, ಮ್ಯಾಟ್, ಸ್ವಲ್ಪ ಬೆಳಕು ಹೆಚ್ಚಿಸಿಕೊಂಡೇ ಹೋಗಿದ್ದೆ. ಸ್ಕ್ರೀನಿನಲ್ಲಿ ಹೊಳೆಯೋದು ಕಾಗದದಲ್ಲಿ ಕಪ್ಪಾಗುತ್ತದೆ. ಇಷ್ಟೆಲ್ಲ ಜಾಗ್ರತೆ ಮಾಡಿದ ಮೇಲೆ ಉಳಿದಿದ್ದು ಮೇಲು ಕೆಳಗು ಒಂದೇ.

"ಫೋಟೋನೇ ಉಲ್ಟಾ ಇರೋದು ಆಚಾರ್ರೇ."

"ಅದಕ್ಕೇ ಸಾರ್, ಸರಿ ಮಾಡ್ದೆ."

"ಅಲ್ಲ, ಆ ಬೆರಳು ನೋಡಿ. ಆಕಾಶದಿಂದ ಇಳಿದ ಹಾಗಿದೆ."

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಹತ್ತಿರ ಹೋಗಿ ನೋಡಿದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಆಮೇಲೆ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ, "ಬೆರಳು ಹೆಂಗಾದ್ರೂ ಬರ್ಲಿ ಸಾರ್. ದೇವಸ್ಥಾನ ನೆಟ್ಟಗಿರಬೇಕು," ಅಂದರು.

ಅಡುಗೆಮನೆಯಿಂದ ಅಮ್ಮ, "ನಾನೂ ಅದೇ ಅಂದ್ಕೊಂಡೆ ಕಣೋ, ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ," ಅಂದಳು. ಹುಕ್ಕು ಬದಲಿಸಿದ್ದಕ್ಕೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟೆ.

ಅವತ್ತಿನಿಂದ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ. ಬೆರಳು ಹೆಂಗಾದ್ರೂ ಬರ್ಲಿ. ಮೊದಲ ದಿನ ಸಿಟ್ಟೇ ಬಂದಿತ್ತು. ನೆಟ್ಟಗೆ ನಿಂತ ಮೇಲೆ ಅದೊಂದು ಮಸುಕಾದ, ಕೈ ನಡುಗಿಸಿ ತೆಗೆದ ಗೋಪುರದ ಫೋಟೋ ಅಷ್ಟೇ. ಅಂಥವು ಎಲ್ಲರ ಮೊಬೈಲಿನಲ್ಲೂ ಇವೆ, ಇದಕ್ಕಿಂತ ಚೆನ್ನಾಗಿ. ಬುಧವಾರ ರಾತ್ರಿ ನಿದ್ದೆ ಬಾರದೆ ಎದ್ದು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಹಾಳೆಯ ಮೇಲೆ ಬಿದ್ದ ಬಿಂಬದಲ್ಲಿ ಮೇಲಿನದು ಕೆಳಗೆ ಬರುತ್ತದೆ, ಆದರೆ ಕಿಂಡಿಗೆ ಬೆನ್ನು ಮಾಡಿ ನೋಡುವವನಿಗೆ ಎಡದ್ದು ಎಡಕ್ಕೇ ಇರುತ್ತದೆ. ಅಂದರೆ ಫ್ರೇಮನ್ನು ಪೂರಾ ತಿರುಗಿಸಿ ನೇತುಹಾಕಿದರೆ ಗೋಪುರ ನೆಟ್ಟಗಾಗುತ್ತದೆ, ಎಡಬಲ ಅದಲುಬದಲಾಗುತ್ತದೆ. ನಮ್ಮ ಹಾಲಿನಲ್ಲಿ ಈಗ ಇರೋದು ಕನ್ನಡಿಯಲ್ಲಿ ಕಂಡ ವಿರೂಪಾಕ್ಷ. ಗೋಪುರ ಎರಡೂ ಕಡೆ ಒಂದೇ ಥರ ಇರೋದರಿಂದ ಯಾರಿಗೂ ತಿಳಿಯೋದಿಲ್ಲ. ಅಪರಾತ್ರಿಯಲ್ಲಿ ಇದನ್ನು ಕಂಡುಹಿಡಿದು ಖುಷಿಯಾಯಿತು, ಹೇಳೋಕೆ ಯಾರೂ ಎಚ್ಚರ ಇರಲಿಲ್ಲ.

ಗೆರೆ ಎಳೆಯುವಾಗಲೇ ಇನ್ನೊಂದು ಹೊಳೆಯಿತು. ನನ್ನ ಕ್ಯಾಮೆರಾದ ಸೆನ್ಸರಿನ ಮೇಲೆ ಬೀಳುವ ಚಿತ್ರವೂ ತಲೆಕೆಳಗೇ ಅಲ್ವಾ. ಹನ್ನೆರಡು ವರ್ಷದಿಂದ ಅದು ಒಂದೊಂದು ಫೋಟೋವನ್ನೂ ತಿರುಗಿಸಿ, ಸರಿ ಮಾಡಿ, ನನಗೆ ಕೊಡುತ್ತಿದೆ. ಮಾತಾಡದೆ ಮಾಡುತ್ತದೆ ಅಂತ ಅದನ್ನು ಬೈದಿಲ್ಲ. ಆಚಾರ್ರು ಅದನ್ನೇ ಮಾಡಿ ಬಾಯಿಬಿಟ್ಟು ಹೇಳಿದ್ದಕ್ಕೆ ಸಿಟ್ಟು. 1856ರಲ್ಲಿ ಕರ್ನಲ್ ಗ್ರೀನ್ಲಾ ಹಂಪಿಗೆ ಬಂದು ಕಾಗದದ ನೆಗೆಟಿವ್ ಮೇಲೆ ಚಿತ್ರ ತೆಗೆದನಲ್ಲ, ಅಂಥ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ಉಲ್ಟಾ ಕಾಣುತ್ತದೆ. ಮಂಟಪ, ಬಂಡೆ, ಬೀದಿ, ಇಡೀ ಹಂಪಿಯನ್ನು ಆ ಮನುಷ್ಯ ತಲೆಕೆಳಗಾಗಿಯೇ ಕಂಡಿರಬೇಕು.

ಇನ್ನೂ ಒಂದು. ನನ್ನ ಹಾರ್ಡ್‌ಡಿಸ್ಕಿನಲ್ಲಿ ಸಾವಿರಾರು ಫೋಟೋ ಕೊಳೆಯುತ್ತಿವೆ. ಹಂಪಿಯ ಹೇಮಕೂಟ ಗುಡ್ಡದ ಸೂರ್ಯಾಸ್ತವೇ ಇನ್ನೂರು ಇರಬಹುದು. ನೆಂಟರು, ಸಹೋದ್ಯೋಗಿಗಳು ಎಲ್ಲರೂ ಬೆರಳಿನಿಂದ ಸರಿಸುತ್ತಾ "ಸೂಪರ್" ಅಂದಿದ್ದಾರೆ. ಕನ್ನಡಕ ಹಾಕಿಕೊಂಡು, ಹತ್ತಿರ ಹೋಗಿ, ಹಿಂದೆ ಬಂದು ಯಾರೂ ನೋಡಿರಲಿಲ್ಲ.

ನಿನ್ನೆ ಫ್ರೇಮ್ ಇಳಿಸಿ ನನಗೆ ಬೇಕಾದ ಹಾಗೆ ತಿರುಗಿಸಿ ಸೋಫಾಕ್ಕೆ ಒರಗಿಸಿಟ್ಟಿದ್ದೆ. ಬೆಳಗ್ಗೆ ಎದ್ದು ಬರುವಷ್ಟರಲ್ಲಿ ಅಮ್ಮ ಅದನ್ನು ಮತ್ತೆ ಮೊಳೆಗೆ ಹಾಕಿದ್ದಳು, ಗೋಪುರ ನೆಟ್ಟಗೆ, ಅದರ ಮೇಲೊಂದು ದಾಸವಾಳ. ಆಚಾರ್ರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಯೋಚಿಸಿ ಅಂದರು: "ಭಾನುವಾರ ಬಂದು ಎರಡೂ ಕಡೆ ಹುಕ್ಕು ಹೊಡ್ದು ಕೊಡ್ತೀನಿ ಸಾರ್. ಅಮ್ಮ ಊರಿಗೆ ಹೋದಾಗ ತಿರುಗಿಸ್ಕೊಳಿ."