ಕೆಂಪು ವಿಗ್ರಹದ ಕಣ್ಣು ಇನ್ನೂ ಖಾಲಿ

ಮೊದಲ ಭಾನುವಾರ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಿಯಮಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ 1978ರಲ್ಲಿ ಬಂತು. ಅದರ ಮುಖಪುಟವನ್ನು ಕಾರ್ಟೂನಾಗಿ ಬರೆಯಬೇಕು ಅಂತ ನನಗೆ ಬಹಳ ದಿನದ ಆಸೆ. ಮೂಲ ಚಿತ್ರ ಡೇವಿಡ್ ಟ್ರಾಂಪಿಯರ್ ಅವರದು. ಒಂದು ದೊಡ್ಡ ಕೆಂಪು ರಾಕ್ಷಸ ವಿಗ್ರಹ ಕೂತಿದೆ. ಇಬ್ಬರು ಕಳ್ಳರು ಅದರ ಮೇಲೆ ಹತ್ತಿ ಕಣ್ಣಿನ ರತ್ನ ಕೀಳುತ್ತಿದ್ದಾರೆ. ಕೆಳಗೆ ಹಲ್ಲಿಮನುಷ್ಯರ ಹೆಣ. ಒಬ್ಬ ಕತ್ತಿ ಒರೆಸಿಕೊಳ್ಳುತ್ತಿದ್ದಾನೆ, ಇನ್ನು ಕೆಲವರು ನಕ್ಷೆ ನೋಡುತ್ತಿದ್ದಾರೆ.

ನನಗೆ ಇಷ್ಟವಾಗೋದೇ ಇದು. ಹೊಡೆದಾಟ ಆಗಲೇ ಮುಗಿದಿದೆ. ಮದುವೆ ಮುಗಿದ ಮೇಲೆ ಛತ್ರ ಖಾಲಿ ಮಾಡೋ ಹೊತ್ತು ಇರುತ್ತಲ್ಲ, ಹಾಗೆ. ಎಲ್ಲರಿಗೂ ಒಂದೊಂದು ಕೆಲಸ.

ಪೆನ್ಸಿಲ್‌ನಲ್ಲಿ ಆರು ಪುಟ್ಟ ಸ್ಕೆಚ್ ಹಾಕಿದೆ. ಒಂದೂ ಆಗಲಿಲ್ಲ.

ಎರಡನೇ ಭಾನುವಾರ

ಕಾರ್ಟೂನ್ ಅಂದ ಮೇಲೆ ತಲೆ ದೊಡ್ಡದು, ಕೈಕಾಲು ಗಿಡ್ಡ. ಆದರೆ ಮನುಷ್ಯರ ತಲೆ ಊದಿದಷ್ಟೂ ವಿಗ್ರಹ ಕುಗ್ಗಿತು, ಕೊನೆಗೆ ಷೋಕೇಸಿನ ಗೊಂಬೆಯಂತಾಯಿತು. ಹಾಗಾಗಿ ಜನರನ್ನೆಲ್ಲ ಅರ್ಧಕ್ಕಿಳಿಸಿದೆ. ಮುಖಕ್ಕೆ ಒಂದು ಮೂಗು, ಒಂದು ಹುಬ್ಬು, ಅಷ್ಟೇ ಸಾಕು.

ಇನ್ನೊಂದು ತಪ್ಪೂ ಮಾಡಿದೆ. ತಮಾಷೆಗೆ ಅಂತ ವಿಗ್ರಹ ಕಳ್ಳರನ್ನು ಓರೆಗಣ್ಣಿನಿಂದ ನೋಡುವಂತೆ ಬರೆದೆ. ನಗು ಬಂತು, ನಿಜ. ಆದರೆ ಆ ಕಣ್ಣು ಬಿಟ್ಟು ಬೇರೇನೂ ಕಾಣಿಸಲಿಲ್ಲ. ಕತ್ತಿ ಒರೆಸೋನು ಇದ್ದೂ ಇಲ್ಲದಂತಾದ. ಅಳಿಸಿಬಿಟ್ಟೆ. ಕಲ್ಲು ಕಲ್ಲಾಗಿಯೇ ಇರಲಿ. ಏನಾದೀತೋ ಅನ್ನೋ ಭಯ ನೋಡುವವರಿಗೆ ಬಂದರೆ ಸಾಕು, ಅಲ್ವಾ?

ಇಂಥ ಚಿತ್ರವನ್ನು ಕಾರ್ಟೂನ್ ಮಾಡೋದು ಅಪಚಾರವೇನೋ ಅಂತ ಸ್ವಲ್ಪ ಅಳುಕಿತ್ತು. ಆದರೆ ಟ್ರಾಂಪಿಯರ್ ಅವರೇ ಕಾಮಿಕ್ ಬರೆದವರು. ಇಂಥ ಆಟಗಳ ಪತ್ರಿಕೆಯಾದ ‘ಡ್ರ್ಯಾಗನ್’ನಲ್ಲಿ 1977ರಿಂದ ಬರುತ್ತಿದ್ದ ‘ವರ್ಮಿ’ ಅವರದೇ. ಅದರ ನಾಯಕ ಸಿಗಾರ್ ಸೇದುವ, ಬಿಲಿಯರ್ಡ್ಸ್‌ನಂಥ ಪೂಲ್ ಆಟ ಆಡುವ ಒಂದು ಡ್ರ್ಯಾಗನ್. 1988ರಲ್ಲಿ ಕತೆ ಅರ್ಧಕ್ಕೇ ನಿಂತಿತು. ಟ್ರಾಂಪಿಯರ್ ಆಟ, ಕಾಮಿಕ್‌ಗಳ ಸಹವಾಸವನ್ನೇ ಬಿಟ್ಟು ಹೋದರು. ಆಮೇಲೆ ಇಲಿನಾಯ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರಂತೆ ಅಂತ ಅಭಿಮಾನಿಗಳಿಗೆ ಗೊತ್ತಾಯಿತು. 2014ರಲ್ಲಿ ತೀರಿಕೊಂಡರು.

ವಿಗ್ರಹದ ಪಾದದ ಹತ್ತಿರ ಯಾರೋ ಸೇದಿ ಬಿಟ್ಟ ಒಂದು ಸಿಗಾರ್ ತುಂಡು ಬರೆದೆ. ಹೊಗೆ ಇನ್ನೂ ಏಳುತ್ತಿದೆ. ಗೊತ್ತಿದ್ದವರಿಗೆ ಗೊತ್ತಾಗುತ್ತೆ.

ಮೂರನೇ ಭಾನುವಾರ

ಶಾಯಿ ಶುರು. ಬ್ರಷ್ ಪೆನ್ನಿನ ಶಾಯಿ ತೆಳು ಕಾಗದದಲ್ಲಿ ಹರಡಿ ಹಲ್ಲಿಮನುಷ್ಯನ ಬಾಲ ನೆಲ ಒರೆಸೋ ಮಾಪ್‌ನಂತಾಯಿತು. ಸುಮ್ನೆ ದುಡ್ಡು ಉಳಿಸೋಕೆ ಹೋಗಿದ್ದೆ. ದಪ್ಪ ಎ3 ಹಾಳೆ ತಂದು ಮತ್ತೆ ಮೊದಲಿಂದ. ಕೆಂಪಿನದೂ ಗೋಳೇ. ಒಂದೇ ಕೆಂಪು ಹಚ್ಚಿದರೆ ಟೊಮೆಟೊ. ಬೆಳಕು ಬೀಳುವ ಕಡೆ ಕಿತ್ತಳೆ, ನೆರಳಿನ ಕಡೆ ಕಂದು ಹಾಕಿದ ಮೇಲೆ ಕಲ್ಲಿಗೆ ತೂಕ ಬಂತು.

ವಿಗ್ರಹಕ್ಕೆ ತಲೆಯಿಂದ ಸೊಂಟದವರೆಗೂ ಬಣ್ಣ ಆಗಿದೆ. ಕಳ್ಳರು ಕೀಳುತ್ತಿರುವ ಕಣ್ಣನ್ನು ಮಾತ್ರ ಬಿಳಿಯಾಗೇ ಬಿಟ್ಟಿದ್ದೇನೆ. ಕೊನೆಗೆ ಹಾಕೋಣ ಅಂತ. ಈಗ ನೋಡಿದರೆ ಅವರು ಆಗಲೇ ರತ್ನ ಎತ್ತಿಕೊಂಡು ಹೋದ ಹಾಗಿದೆ.